ಹೊಗೆ ಬೇಕೆಂದವರ ಮನೆಯ ಒಲೆ

ಹೋದ ತಿಂಗಳು ನಮ್ಮ ಸಂಸ್ಥೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮಧುಗಿರಿಯ ನಮ್ಮ ಮನೆಗೆ ಬಂದಿದ್ದರು. ಹತ್ತಕ್ಕೆ ಬರುತ್ತೇವೆ ಎಂದವರು ಹನ್ನೊಂದೂವರೆಗೆ ಬಂದರು. ಕುಳಿತ ಕೂಡಲೇ ಒಬ್ಬಳು ಮೊಬೈಲು ತೆಗೆದು, "ಮೇಡಂ, ಫೀಲ್ಡಿಗೆ ಹೋಗೋಕೆ ಒಂದಿಷ್ಟು ಟಿಪ್ಸ್ ಕೊಡಿ" ಎಂದಳು. ನನಗೆ ಮೈ ಉರಿಯಿತು. ಉಪ್ಪಿನಕಾಯಿ ಕೆಡದಂತೆ ಇಡುವುದಕ್ಕೆ ಟಿಪ್ಸ್ ಕೊಡಬಹುದು. ಗುರುತಿಲ್ಲದವರ ಅಡುಗೆಮನೆಗೆ ನುಗ್ಗಿ, ಆ ಮನೆಯ ಹೆಂಗಸು ಮದುವೆಯಾಗಿ ಬಂದ ದಿನದಿಂದ ಉರಿಸುತ್ತಿರುವ ಒಲೆಯನ್ನು ಕಿತ್ತು ಬೇರೆ ಒಲೆ ಕೂರಿಸುವುದಕ್ಕೆ ಟಿಪ್ಸ್ ಎಲ್ಲಿಂದ ತರಲಿ? ಕಾಫಿ ಕೊಟ್ಟು ಕಳುಹಿಸಿದೆ. ಅವರು ಹೋದ ಮೇಲೆ, ಬಾಯಲ್ಲಿ ಹೇಳಲಾಗದ್ದನ್ನು ಬರೆದಾದರೂ ಇಡೋಣ ಅನ್ನಿಸಿತು. ಓದುವಷ್ಟು ಪುರುಸೊತ್ತು ಅವರಿಗಿದ್ದರೆ ಓದಲಿ.

ನಾನು ನಿವೃತ್ತಳಾಗುವವರೆಗೆ ಮಾಡಿದ್ದು ಇದೊಂದೇ ಕೆಲಸ. ಹಳೆಯ ಮಣ್ಣಿನ ಸೌದೆ ಒಲೆಯನ್ನು ತೆಗೆಸುವುದು; ಅದರ ಜಾಗದಲ್ಲಿ ಅರ್ಧ ಸೌದೆಯಲ್ಲಿ ಅಡುಗೆ ಮುಗಿಸುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳುಹಿಸುವ ಹೊಸ ಒಲೆ ಹಾಕಿಸುವುದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಬಗ್ಗಿ ನೋಡದ ಒಲೆಬಾಯಿ ಕಡಿಮೆ. ಹಳ್ಳಿಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. 'ಒಲೆ ಮೇಡಮ್ಮ' ಎಂದರೆ ಬಸ್ಸಿನ ಕಂಡಕ್ಟರಿಗೂ ಗೊತ್ತಿತ್ತು.

'ಎಲ್ಲರ ಮನೆಯಲ್ಲೂ ಗ್ಯಾಸ್ ಇದೆಯಲ್ಲ, ಈಗ ಇದೆಲ್ಲ ಯಾಕೆ' ಎಂದು ಪಟ್ಟಣದವರು ಕೇಳುತ್ತಾರೆ. ಇದೆ. ಗ್ಯಾಸಿನ ಒಲೆಗೆ ಕುಂಕುಮ ಇಟ್ಟು, ಮೇಲೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿರುತ್ತಾರೆ. ನೆಂಟರು ಬಂದರೆ ಕಾಫಿಗೆ ಬಟ್ಟೆ ಸರಿಯುತ್ತದೆ. ದಿನದ ಊಟದ ಹಿಟ್ಟು ಮಾತ್ರ ಸೌದೆ ಒಲೆಯ ಮೇಲೇ ಆಗಬೇಕು. ಹೊಲದ ಬದುವಿನಲ್ಲಿ ಜಾಲಿ ಬಿಟ್ಟಿ ಸಿಗುವಾಗ ಹೊತ್ತಿಗೆ ಸರಿಯಾಗಿ ಬಾರದ ಸಿಲಿಂಡರನ್ನು ಯಾರು ನೆಚ್ಚುತ್ತಾರೆ? ನಾನು ಇದನ್ನು ಮೇಲಿನವರಿಗೆ ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆ. ಅವರು ಪ್ರತಿ ಸಭೆಯಲ್ಲೂ ಮೊದಲ ಸಲ ಕೇಳುವವರಂತೆ ತಲೆ ಆಡಿಸುತ್ತಿದ್ದರು.

ನಾನು ಓದಿದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ. ಆ ಅಭ್ಯಾಸ ಈಗಲೂ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಒಲೆಯ ಬೂದಿ ತೆಗೆಯಬೇಕು, ವಾರಕ್ಕೊಮ್ಮೆ ಕೊಳವೆ ಕೆರೆಯಬೇಕು, ಸೌದೆ ಸಣ್ಣಗೆ ಸೀಳಬೇಕು. ಒಲೆ ಕೇಳುವುದು ಇಷ್ಟೇ. ಹೋದಹೋದಲ್ಲಿ ಹೇಳಿದೆ. ಹೂಂ ಎಂದರು. ಮುಂದಿನ ತಿಂಗಳು ಹೋಗಿ ಒಲೆಬಾಯಿಗೆ ಕೈ ಹಾಕಿದರೆ ಮೊಣಕೈವರೆಗೆ ಬೂದಿ. "ಪುರುಸೊತ್ತಾಗ್ಲಿಲ್ಲ ಕಣಮ್ಮ." ಟಿವಿಯಲ್ಲಿ ಧಾರಾವಾಹಿ ಓಡುತ್ತಿರುತ್ತದೆ.

ಕೊರಟಗೆರೆ ಕಡೆ ಒಂದು ಮನೆಯಲ್ಲಿ ಒಲೆ ಹೊಗೆಯುತ್ತಿದೆ ಎಂದು ದೂರು. ಹೋಗಿ ನೋಡಿದರೆ ಸೂರಿನ ಮೇಲಿನ ಕೊಳವೆಯ ಬಾಯಿಗೆ ಮಡಕೆ ಕವುಚಿದ್ದಾರೆ. ಮಳೆ ನೀರು ಇಳಿಯುತ್ತದಂತೆ. ಮಳೆ ಬಿದ್ದು ಎಷ್ಟು ದಿನವಾಯಿತು ಎಂದು ಕೇಳಿದೆ. ಮನೆಯ ಯಜಮಾನ ಆಕಾಶ ನೋಡಿ, "ಬಂದ್ರೆ?" ಎಂದ. ಇನ್ನೊಂದು ಮನೆಯವರು ಕೊಳವೆಯನ್ನೇ ಬಿಚ್ಚಿ ಬಚ್ಚಲ ನೀರು ಹೊರಗೆ ಹರಿಯಲು ಹಾಕಿಕೊಂಡಿದ್ದರು. ಚೆನ್ನಾಗಿ ಹರಿಯುತ್ತದೆ ಎಂದು ನನಗೇ ತೋರಿಸಿದರು. ಮಳೆಯ ಕಾಟಕ್ಕೆ ಸಿರಾ ಪೇಟೆಯಲ್ಲಿ ತಗಡಿನ ಕೆಲಸ ಮಾಡುವ ಬಾಷಾ ಸಾಬರ ಹತ್ತಿರ ಕೊಳವೆಗೆ ತಗಡಿನ ಮುಚ್ಚಳ ಮಾಡಿಸತೊಡಗಿದೆವು. ಮಳೆ ಒಳಗಿಳಿಯದಂತೆ, ಸುತ್ತಲಿನ ಸಂದಿಯಲ್ಲಿ ಹೊಗೆ ಹೋಗುವಂತೆ. ಅವರು, "ಅರೆ ಮೇಡಂ, ನಿಮ್ಮ ಹೊಗೆಗೆ ಛತ್ರಿ ಮಾಡೀ ಮಾಡೀ ನನ್ನ ಮನೆ ಸೂರು ಸೋರ್ತಾ ಐತೆ, ಅದಕ್ಕೆ ತಗಡು ಉಳೀಲಿಲ್ಲ" ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಹೇಳಿದ ದಿನ ಒಂದೂ ಮುಚ್ಚಳ ಸಿದ್ಧವಾಗಿರುತ್ತಿರಲಿಲ್ಲ.

ಮೇಲಧಿಕಾರಿಗಳ ವಿಷಯ. ನಾನು ಹಲವರನ್ನು ಕಂಡೆ. ಕೊನೆಯವರಿಗೆ ಒಲೆಗಿಂತ ಫೋಟೋ ಮುಖ್ಯ. ಹೊಸ ಒಲೆಯ ಪಕ್ಕದಲ್ಲಿ ಹೆಂಗಸು ನಗುತ್ತಾ ಕುಳಿತಿರಬೇಕು, ಹಳೆಯ ಒಲೆ ಪುಡಿಯಾಗಿ ಬಿದ್ದಿರಬೇಕು. ಎರಡು ಫೋಟೋ ಬಂದರೆ ಆ ಮನೆ ಮುಗಿಯಿತು. "ಸ್ಮೈಲ್ ಮಾಡ್ಸಿ ಮೇಡಂ" ಎಂದು ಫೋನಿನಲ್ಲಿ ಹೇಳುತ್ತಿದ್ದರು. ಬೆಳಗಿನಿಂದ ಹೊಲದಲ್ಲಿ ಕಡಲೆಕಾಯಿ ಕಿತ್ತು ಬಂದವಳನ್ನು ನಗು ಎಂದರೆ ಅವಳು ನನ್ನನ್ನು ನೋಡುತ್ತಿದ್ದ ನೋಟಕ್ಕೆ ಫೋಟೋ ತೆಗೆಯಬೇಕಿತ್ತು.

ಒಂದು ವರ್ಷ ಇದೇ ಸಾಹೇಬರು ಮೇಲಿನಿಂದ ಕಬ್ಬಿಣದ ಸಣ್ಣ ಒಲೆಗಳನ್ನು ತರಿಸಿದರು. ಕೈಯಲ್ಲಿ ಎತ್ತಿಕೊಂಡು ಹೋಗಬಹುದು, ಹೊಗೆ ಬಲು ಕಡಿಮೆ, ನೋಡಲು ಚೆಂದ. ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಊರಿನಲ್ಲಿ ಹೆಂಗಸರನ್ನು ಕೂಡಿಸಿ ತಾವೇ ಅದರ ಮೇಲೆ ಟೀ ಕಾಯಿಸಿ ತೋರಿಸಿದರು. ಟೀ ಬೇಗ ಕಾಯಿತು. ಚಪ್ಪಾಳೆಗೆ ಕಾದರು. ಮುಂದೆ ಕುಳಿತಿದ್ದ ಒಬ್ಬ ಮುದುಕಿ, "ಟೀ ಆಯ್ತಲ್ಲ ಸಾಮೀ, ಈಗ ಸಂಗಟಿ ಚೇಸಿ ಚೂಪಿಂಚು" ಎಂದಳು, ಸಂಗಟಿ ಮಾಡಿ ತೋರಿಸು ಎಂದು. ಅವರ ಸಂಗಟಿ, ನಮ್ಮ ಹಿಟ್ಟು, ನಿಮ್ಮ ಹೋಟೆಲಿನ ರಾಗಿಮುದ್ದೆ ಎಲ್ಲ ಒಂದೇ. ಪಾತ್ರೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ದೊಣ್ಣೆಯಲ್ಲಿ ಮೈಯ ಬಲವೆಲ್ಲ ಬಿಟ್ಟು ತೊಳಸಬೇಕು. ಮುದುಕಿಯ ಸೊಸೆ ಎದ್ದು ಬಂದು ದೊಣ್ಣೆ ಹಿಡಿದಳು. ಎರಡು ಸಲ ತಿರುವುವಷ್ಟರಲ್ಲಿ ಪಾತ್ರೆಯ ಜೊತೆಗೆ ಒಲೆಯೂ ತಿರುಗಿತು. ಮೂರನೆಯ ಸಲಕ್ಕೆ ಸಾಹೇಬರ ಶೂವಿನ ಕಡೆಗೆ ನಡೆದುಬಂತು. "ಇದಿ ಪೊಯ್ಯಿ ಕಾದು, ಬೊಂಗರಂ" ಎಂದಳು ಮುದುಕಿ. ಒಲೆಯಲ್ಲ, ಬುಗುರಿ ಎಂದು ಅರ್ಥ. ಇಡೀ ಊರು ನಕ್ಕಿತು. ಬಸ್ಸಿನಲ್ಲಿ ಬರುವಾಗ ಸಾಹೇಬರು, ಈ ಜನ ಬದಲಾಗುವುದಿಲ್ಲ ಎಂದರು. ಬದಲಾಗಬೇಕಾದ್ದು ಒಲೆ ಎಂದೆ. ಅಂದಿನಿಂದ ಇಟ್ಟಿಗೆ ಮಣ್ಣು ಸೇರಿಸಿ ನೆಲಕ್ಕೇ ಕಟ್ಟುವ ಒಲೆಗೆ ಮರಳಿದೆವು. ಅದು ನನ್ನ ಮಾತಿನಿಂದ ಆದದ್ದಲ್ಲ. ಸಾಹೇಬರ ಶೂ ಸುಟ್ಟಿತ್ತು.

ಈಗ ನಿಮಗೆ ಹೇಳಲೇಬೇಕಾದ ಮನೆಗೆ ಬರುತ್ತೇನೆ. ಹುಲಿಕುಂಟೆ ಹತ್ತಿರದ ಒಂದು ಹಳ್ಳಿ. ಮನೆಯಾಕೆ ರಂಗಮ್ಮ, ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಮಗ ನಾಗರಾಜ ಸರಕಿನ ಟೆಂಪೋ ಓಡಿಸುತ್ತಾನೆ. ಸೊಸೆ ಮಂಜುಳ, ಬಡವನಹಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟಿರುವವರ ಮಗಳು. ಆ ಮನೆಗೆ ನನ್ನನ್ನು ಕರೆಸಿದವನು ನಾಗರಾಜ. ಮೊದಲ ಸಲ ಹೋದಾಗ ಮಂಜುಳ ಒಲೆಯ ಮುಂದೆ ಕುಳಿತಿದ್ದಳು. ಏನು ತೊಂದರೆ ಎಂದು ಕೇಳಿದೆ.

"ಉರಿ ಹಾಕಕ್ಕೆ ಕುಂತ್ರೆ ಮೇಡಂ..." ಎಂದು ನಿಲ್ಲಿಸಿ ಉಸಿರೆಳೆದುಕೊಂಡಳು. "ಎದೆ ಮೇಲೆ ಯಾರೋ..." ಮತ್ತೆ ನಿಲ್ಲಿಸಿದಳು. "ಕುಂತಂಗೆ ಆಗ್ತೈತೆ."

ಒಂದು ಮಾತು ಮುಗಿಸಲು ಎರಡು ಕಡೆ ತಂಗಬೇಕಿತ್ತು ಆ ಹುಡುಗಿ. ಸಿರಾದ ಡಾಕ್ಟರು ಉಸಿರಿನಲ್ಲಿ ಎಳೆದುಕೊಳ್ಳುವ ಔಷಧಿ ಕೊಟ್ಟು, ಇದು ಇನ್ನೂ ಜಾಸ್ತಿಯಾಗಬಾರದೆಂದರೆ ಹೊಗೆ ಬಿಡಬೇಕು ಎಂದು ಖಂಡಿತವಾಗಿ ಹೇಳಿದ್ದರು. ಅವಳ ಅಪ್ಪ ಬಂದು, "ಒಲೆ ಬದಲಾಯ್ಸಿ, ಇಲ್ಲ ನನ್ನ ಮಗಳನ್ನ ಕಳಿಸ್ಕೊಡಿ" ಎಂದು ಅಂಗಳದಲ್ಲಿ ನಿಂತೇ ಹೇಳಿ, ನೀರು ಕೂಡ ಕುಡಿಯದೆ ಹೋಗಿದ್ದರು.

ರಂಗಮ್ಮ ಗೋಡೆಗೆ ಒರಗಿ ಎಲೆಗೆ ಸುಣ್ಣ ಸವರುತ್ತಿದ್ದಳು. "ನಾನು ಇದೇ ಒಲೆ ಮುಂದೆ ಮುದುಕಿ ಆದೆ. ನಂಗೇನಾಯ್ತು? ಈಗಿನ ಹುಡುಗೀರಿಗೆ ಗಾಳೀನೂ ಸೋಸಿ ಕೊಡ್ಬೇಕು" ಎಂದಳು. ಹಾಗೆನ್ನುವಾಗಲೂ ಆಕೆಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹೊಗೆಯ ನೀರು. ಸೆರಗಿನಲ್ಲಿ ಒರೆಸಿಕೊಳ್ಳುವುದು ಆಕೆಗೆ ಉಸಿರಾಡುವಷ್ಟೇ ರೂಢಿಯಾಗಿತ್ತು.

ನಾಗರಾಜನನ್ನು ನೋಡಿದೆ. "ಅವ್ವ ಏನಂತಾಳೋ" ಎಂದ. ಆ ಗಂಡಸಿನ ಬಾಯಲ್ಲಿ ನಾನು ಕೇಳಿದ ಮಾತು ಹೆಚ್ಚುಕಡಿಮೆ ಅಷ್ಟೇ.

ಒಂದು ಗಂಟೆ ವಾದಕ್ಕೆ ಸಿದ್ಧಳಾಗಿ ಕುಳಿತೆ. ರಂಗಮ್ಮ ಎಲೆ ಬಾಯಿಗಿಟ್ಟುಕೊಂಡು, "ಆಗ್ಲಿ ಬುಡು. ಕಟ್ಕಳ್ಳಿ" ಎಂದುಬಿಟ್ಟಳು. ಇದನ್ನು ಗಮನದಲ್ಲಿಡಿ: ಜಗಳವಾಡದೆ ಒಪ್ಪಿದ ಮನೆಗೆ ಎರಡು ಸಲ ಹೆಚ್ಚಾಗಿ ಹೋಗಿ.

ಮೇಸ್ತ್ರಿ ಹನುಮಂತರಾಯಪ್ಪ ಹೊಸ ಒಲೆ ಕಟ್ಟಿದ. ಕೊಳವೆಯನ್ನು ಹಿಂದಿನ ಗೋಡೆಯಿಂದ ಕೊಟ್ಟಿಗೆಯ ಕಡೆಗೆ ಬಿಟ್ಟು ಮೇಲಕ್ಕೆ ತಿರುಗಿಸಿದ. ಬಾಷಾ ಸಾಬರ ಮುಚ್ಚಳ ಎಂದಿನಂತೆ ಬಂದಿರಲಿಲ್ಲ. ಬಂದ ಮೇಲೆ ಹಾಕೋಣವೆಂದು ಬಾಯಿ ತೆರೆದೇ ಬಿಟ್ಟೆವು. ಹಳೆಯ ಒಲೆ ಒಡೆಯಲು ಮೇಸ್ತ್ರಿ ಹಾರೆ ಎತ್ತಿದಾಗ ರಂಗಮ್ಮ ಅದನ್ನು ಕಸಿದುಕೊಂಡು ತಾನೇ ಒಡೆದಳು. ಹೆಂಟೆಗಳನ್ನು ಪುಟ್ಟಿಗೆ ತುಂಬಿ, "ಎಸೀತೀನಿ" ಎಂದು ಹಿಂದಕ್ಕೆ ಹೊತ್ತುಕೊಂಡು ಹೋದಳು. ಸಾಹೇಬರಿಗೆ ಫೋಟೋ ಹೋಯಿತು.

ಮೊದಲ ಕೆಲವು ವಾರ ಮಂಜುಳ ಎಷ್ಟು ಸುಧಾರಿಸಿದಳೆಂದರೆ, ಫೋನಿನಲ್ಲಿ ಒಂದಿಡೀ ಮಾತನ್ನು ತಡೆಯಿಲ್ಲದೆ ಹೇಳಿದಳು. ಆಮೇಲೆ ನಾಗರಾಜನ ಫೋನು. "ಮೇಡಂ, ಹೊಸ ಒಲೆ ಹಳೇದಕ್ಕಿಂತ ಜಾಸ್ತಿ ಹೊಗೆ ಬುಡ್ತೈತೆ. ಮಂಜಿಗೆ ಉಸ್ರಾಟ ಮತ್ತೆ ಕೆಟ್ಟೋಗೈತೆ."

ಎಂದಿನಂತೆ ಹತ್ತರ ಬಸ್ಸಿಗೆ ಹೋಗಿ ಇಳಿದೆ. ಒಲೆಯಲ್ಲಿ ಕಾಗದ ಹಚ್ಚಿ ನೋಡಿದೆ. ಹೊಗೆ ಸುರುಳಿಯಾಗಿ ಕೊಳವೆಗೆ ಎಳೆದುಕೊಂಡು ಹೋಯಿತು. ಒಂದು ಎಳೆ ಕೂಡ ಹೊರಗೆ ಬರಲಿಲ್ಲ. ಮೇಸ್ತ್ರಿಯನ್ನು ಕೇಳಿದರೆ, "ಸೌದೆ ಹಸೀದು ಮೇಡಂ" ಎಂದ. ಅವನ ಪ್ರಕಾರ ಜಗತ್ತಿನಲ್ಲಿ ಕೆಟ್ಟದಾಗಿ ಕಟ್ಟಿದ ಒಲೆ ಇಲ್ಲ, ಹಸಿ ಸೌದೆ ಮಾತ್ರ ಇದೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಫೋನು. ಮತ್ತೆ ಹತ್ತರ ಬಸ್ಸು. ಮತ್ತೆ ಒಲೆ ಸರಿಯಾಗಿದೆ. ಮಂಜುಳ ಗೋಡೆ ಹಿಡಿದು ನಿಂತು, "ನೀವು ಬಂದಾಗ ಚೆನ್ನಾಗಿರ್ತೈತೆ ಮೇಡಂ... ನೀವು ಹೋದ್ಮೇಲೆ... ಕೆಡ್ತೈತೆ" ಎಂದಳು.

"ಒಲೆಗೇನಮ್ಮ, ನನ್ನನ್ನು ಕಂಡರೆ ನಾಚಿಕೆಯೆ?" ಎಂದೆ. ರೇಗಿತ್ತು ನನಗೆ. ರಂಗಮ್ಮ ಬಾಗಿಲಲ್ಲಿ ಕುಳಿತು ಎಲೆ ಮೆಲ್ಲುತ್ತಿದ್ದಳು. "ಹೊಸಾದು ಅಂಗೇ ಕಣಮ್ಮ. ಪಳಗ್ಬೇಕು" ಎಂದಳು.

ಸಾಹೇಬರಿಗೆ ಹೇಳಿದರೆ, "ಫೋಟೋ ಬಂದಿದೆಯಲ್ಲ ಮೇಡಂ, ಆ ಮನೆ ಬಿಟ್ಟುಬಿಡಿ" ಎಂದರು. ಅಷ್ಟರಲ್ಲಿ ಮಂಜುಳಳ ಅಪ್ಪ ಬಂದು ಮಗಳನ್ನು ಬಡವನಹಳ್ಳಿಗೆ ಕರೆದುಕೊಂಡು ಹೋದರು. ನನಗೆ ಫೋನು ಮಾಡಿ, "ನಿಮ್ಮ ಒಲೇನೂ ಬ್ಯಾಡ, ಆ ಮನೆ ಸಹವಾಸಾನೂ ಬ್ಯಾಡ. ನನ್ನ ಮಗಳು ಉಸ್ರಾಡ್ಕೊಂಡು ಇಲ್ಲೇ ಇರ್ತಾಳೆ" ಎಂದರು. ದನಿಯಲ್ಲಿ ಬಿಗಿ ಇತ್ತು. ಒಂದು ಒಲೆಗಾಗಿ ಒಂದು ಸಂಸಾರ ಮುರಿಯುವ ಹಂತಕ್ಕೆ ಬಂದಿತ್ತು, ಆ ಒಲೆ ಹಾಕಿಸಿದವಳು ನಾನು. ಸಾಹೇಬರು ಹೇಳಿದಂತೆ ಬಿಟ್ಟುಬಿಡುವುದು ನನ್ನಿಂದಾಗಲಿಲ್ಲ.

ಮುಂದಿನ ಸಲ ಹೋಗಬೇಕೆಂದಾಗ ಹತ್ತರ ಬಸ್ಸು ಕೆಟ್ಟು ನಿಂತಿದೆ, ನಾಳೆ ಬರುವುದಿಲ್ಲ ಎಂದು ಹಿಂದಿನ ದಿನವೇ ತಿಳಿಯಿತು. ಸಿರಾದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಉಳಿದು, ಬೆಳಿಗ್ಗೆ ಹಾಲಿನ ವ್ಯಾನು ಹತ್ತಿದೆ. ಒಲೆ ಹಚ್ಚುವ ಹೊತ್ತಿಗೇ ಆ ಊರಲ್ಲಿ ಇಳಿದೆ. ಮನೆಯ ಮುಂದೆ ಯಾರೂ ಇರಲಿಲ್ಲ. ಹಿಂದಕ್ಕೆ ಹೋದರೆ, ಕೊಟ್ಟಿಗೆಯ ಗೋಡೆಗೆ ಏಣಿ. ಏಣಿಯ ತುದಿಯಲ್ಲಿ ರಂಗಮ್ಮ. ಕೈಯಲ್ಲಿ ನೀರು ತೊಟ್ಟಿಕ್ಕುವ ಗೋಣಿಚೀಲ. ಅದನ್ನು ಕೊಳವೆಯ ಬಾಯಿಗೆ, ಮಗುವಿಗೆ ತುತ್ತು ತುರುಕುವಂತೆ ತುರುಕುತ್ತಿದ್ದಾಳೆ.

"ರಂಗಮ್ಮ!"

ಆಕೆ ಬೆಚ್ಚಿದಳು. ಏಣಿ ಅಲ್ಲಾಡಿತು. "ಅಯ್ಯೋ, ನಿನ್ ಬಸ್ಸು ಇನ್ನೂ ಬಂದಿಲ್ವಲ್ಲಮ್ಮಾ!"

"ಇಳೀರಿ ಕೆಳಗೆ!"

"ಮೊದ್ಲು ಏಣಿ ಹಿಡ್ಕಾ. ಬೈಯೋದು ಆಮೇಲೆ ಬೈಯುವಂತೆ."

ಏಣಿ ಹಿಡಿದೆ. ಗೋಣಿಯ ನೀರೆಲ್ಲ ನನ್ನ ತಲೆಯ ಮೇಲೆ ಸುರಿಯಿತು. ಇಳಿದು ಬಂದ ರಂಗಮ್ಮ ಒಂದಿಷ್ಟೂ ಅಳುಕದೆ ಎಲ್ಲ ಹೇಳಿದಳು. ಊರ ಬಾಗಿಲಲ್ಲಿ ಬಸ್ಸು ಹಾರನ್ ಹೊಡೆಯುತ್ತಲೇ ಗೋಣಿ ಕಿತ್ತು ಒಣಹುಲ್ಲಿನಡಿ ಇಡುತ್ತಿದ್ದಳಂತೆ. "ನೀನು ಹೊತ್ತು ತಪ್ಪೋಳೇ ಅಲ್ಲ. ಹತ್ತರ ಬಸ್ಸು ಬುಟ್ರೆ ಬ್ಯಾರೆ ಬಸ್ಸಿಗೆ ಬಂದೋಳೇ ಅಲ್ಲ. ನನಗೆ ಬೋ ಸಲೀಸಾಗಿತ್ತು." ಆ ಹಾಸ್ಟೆಲಿನ ಗಂಟೆಗೆ ಮೊದಲ ಸಲ ಶಾಪ ಹಾಕಿದೆ.

"ಯಾಕೆ ಹೀಗೆ ಮಾಡಿದಿರಿ?"

ಆಕೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮೇಲೆ ನೋಡು ಎಂದಳು. ಅಷ್ಟು ಸಲ ಆ ಮನೆಗೆ ಹೋಗಿದ್ದೆ, ಒಲೆ ನೋಡುತ್ತಿದ್ದೆನೇ ಹೊರತು ಕತ್ತೆತ್ತಿ ನೋಡಿರಲಿಲ್ಲ. ಒಲೆಯ ನೇರಕ್ಕೆ ಜಂತಿಯ ತುಂಬ ಬೀಜ. ರಾಗಿ ತೆನೆಯ ಕಟ್ಟು, ಜೋಳದ ತೆನೆ, ಒಣಗಿದ ಸೋರೆ ಬುರುಡೆ, ಬಟ್ಟೆಯಲ್ಲಿ ಕಟ್ಟಿದ ಅವರೆ. ಎಲ್ಲ ಮಸಿ ಹಿಡಿದು ಕಪ್ಪಗೆ ಮಿಂಚುತ್ತಿದ್ದವು. ರಂಗಮ್ಮ ಒಂದು ಗಂಟು ಬಿಚ್ಚಿ ಅವರೆಯನ್ನು ಮೊರಕ್ಕೆ ಸುರಿದಳು. ಅರ್ಧ ಕಾಳಿಗೆ ತೂತು. ಮೊರದ ಮೇಲೆ ಹುಡಿ.

"ಇದು ನಮ್ಮತ್ತೆ ಕೊಟ್ಟಿದ್ದ ಸೊಗಡವರೆ. ಊರಾಗೆ ಇನ್ಯಾರ ಮನೇಲೂ ಇಲ್ಲ. ಬಿತ್ತನೆ ಬಂದ್ರೆ ನಮ್ಮನೆ ಬಾಗಿಲಿಗೇ ಬರ್ಬೇಕು ಎಲ್ರೂ. ನಮ್ಮತ್ತೆ ಕಾಲದಿಂದ ಒಂದು ಕಾಳಿಗೆ ಹುಳ ಬಿದ್ದಿರ್ಲಿಲ್ಲ. ನಿನ್ ಒಲೆ ಬಂತು, ಹೊಗೆ ಹೋಯ್ತು, ಹುಳ ಬಂದ್ಬುಟ್ವು."

ಹೊಗೆಯಿಂದ ಬೀಜ ಉಳಿಯುತ್ತದೆ ಎಂದು ನಮ್ಮ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಒಲೆಯಿಂದ ಎಷ್ಟು ಸೌದೆ ಉಳಿಯುತ್ತದೆ, ಎಷ್ಟು ಹೊಗೆ ತಪ್ಪುತ್ತದೆ ಎಂದೆಲ್ಲ ಅಳೆದವರು, ಆ ಹೊಗೆ ಮನೆಯಲ್ಲಿ ಏನು ಕೆಲಸ ಮಾಡುತ್ತಿತ್ತು ಎಂದು ಕೇಳಿರಲೇ ಇಲ್ಲ. ಅದು ಬೇರೆ ಮಾತು. ಆಗ ನನಗಿದ್ದದ್ದು ಸಿಟ್ಟು.

"ನಿಮಗೆ ಬೀಜ ಹೆಚ್ಚೋ, ಸೊಸೆ ಹೆಚ್ಚೋ?"

ರಂಗಮ್ಮ ಮೊರವನ್ನು ಕೊಡವಿದಳು. "ಅಂಗೆ ಕೇಳ್ಬ್ಯಾಡ ಕಣಮ್ಮ. ಸೊಸೆಗೆ ಅಪ್ಪನ ಮನೆ ಐತೆ. ಬೀಜಕ್ಕೆ ಯಾರವ್ರೆ?"

ಸುಮ್ಮನಿರುವುದು ನನಗೆ ಬರುವುದಿಲ್ಲ. ಬೂದಿ ಬೆರೆಸಿಡಿ ಎಂದೆ. "ಬೂದಿ ಎಲ್ಲಿ ಬತ್ತದೆ? ನಿನ್ ಒಲೆ ಸೌದೇನೇ ತಿನ್ನಲ್ವಲ್ಲ." ಬಚ್ಚಲಲ್ಲಿ ನೀರು ಕಾಯಿಸುವ ಹಂಡೆ ಒಲೆಗೆ ದಿನಾ ಉರಿ ಹಾಕುತ್ತೀರಲ್ಲ, ಅದರ ಮೇಲೆ ಕಟ್ಟಿ ಎಂದೆ. ರಂಗಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ಮೈ ತೊಳೆಯೋ ಜಾಗದಾಗೆ ಬೀಜ ಕಟ್ತಾರಾ? ಭೂಮ್ತಾಯಿಗೆ ಹಾಕೋ ಕಾಳು ಕಣಮ್ಮ ಅದು! ಓದಿದೋಳಾಗಿ ಇಂಗೆ ಮಾತಾಡ್ತೀಯಲ್ಲ." ಹಾಗಾದರೆ ಹಜಾರದಲ್ಲಿ? ಇಲಿ. ಅಟ್ಟದಲ್ಲಿ? ಶೀತ. ಯಾವ ಜಾಗ ಹೇಳಿದರೂ ಒಂದೊಂದು ತಕರಾರು ಸಿದ್ಧ. ಇನ್ನು ಸಾಕು, ನನ್ನಿಂದಾಗದು ಎಂದು ಹಿಂದಿನ ಬಾಗಿಲಿನಿಂದ ಹೊರಬಿದ್ದವಳು, ಕೊಟ್ಟಿಗೆಯಲ್ಲಿ ಒಡೆದ ಬಾಣಲೆಯೊಂದರ ಮೇಲೆ ಕಾಲಿಟ್ಟೆ. ಚಪ್ಪಲಿಯ ತುಂಬ ಬೂದಿ, ಬೇವಿನ ಎಲೆಯ ಕರಿ.

"ಇದೇನು?"

"ಎಮ್ಮೆಗೆ ಸೊಳ್ಳೆ ಕಾಟ. ದಿನಾ ಸಂಜೆ ಹೊಗೆ ಹಾಕ್ತೀನಿ."

ನಾನು ಈ ಸಲ ಕತ್ತೆತ್ತಿ ನೋಡಿದೆ. ಕೊಟ್ಟಿಗೆಗೂ ಜಂತಿ ಇತ್ತು. ನಾನು ನೋಡುವುದನ್ನು ಕಂಡು ರಂಗಮ್ಮನೂ ನೋಡಿದಳು. ಎಮ್ಮೆ ನಮ್ಮಿಬ್ಬರನ್ನೂ ನೋಡಿತು.

"ಇದೂ ಮೈಲಿಗೆ ಜಾಗವೋ?" ಎಂದೆ.

"ಥೂ, ಬುಡ್ತು ಅನ್ನು. ಲಕ್ಷ್ಮಿ ಇರೋ ಜಾಗ" ಎಂದಳು. ಜಂತಿಯನ್ನು ಇನ್ನೊಮ್ಮೆ ಅಳೆದು ನೋಡಿ, "ಬೆಳಿಗ್ಗೇನೂ ಹಾಕ್ಬೇಕಾಗ್ತದೆ. ಸಂಜೆ ಹೊಗೆ ಒಂದೇ ಸಾಲ್ದು" ಎಂದಳು. ಅಂದರೆ ಒಪ್ಪಿಗೆ.

ಕೂಡಲೇ ಒಣಹುಲ್ಲನ್ನು ಸರಿಸಿ, ಅದರಡಿಯಿಂದ ಹಳೆಯ ಒಲೆಯ ಹೆಂಟೆಗಳನ್ನು ಒಂದೊಂದಾಗಿ ಎಳೆದು ಕೊಟ್ಟಿಗೆಯ ಮೂಲೆಯಲ್ಲಿ ಜೋಡಿಸತೊಡಗಿದಳು.

"ಎಸೆದೆ ಅಂದಿರಿ?"

"ಎಸೀತೀನಿ ಅಂದೆ. ಎಸೆದೆ ಅಂದ್ನಾ?"

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆದರೂ ಸೀರೆ ಎತ್ತಿ ಕಟ್ಟಿ, ಅವತ್ತು ಮಧ್ಯಾಹ್ನದವರೆಗೆ ಬೀಜದ ಕಟ್ಟುಗಳನ್ನು ಆಕೆಯ ಕೈಗೆ ಎತ್ತಿಕೊಟ್ಟವಳು ನಾನೇ.

ಇದರ ಸುದ್ದಿ ಸಾಹೇಬರಿಗೆ ಹೇಗೋ ಮುಟ್ಟಿತು. ಒಂದು ಸಂಜೆ ಜೀಪಿನಲ್ಲಿ ನನ್ನನ್ನೂ ಕೂರಿಸಿಕೊಂಡು ಬಂದರು. ಕೊಟ್ಟಿಗೆಯಿಂದ ಹೊ...ಗೆ ಎಂದರೆ ಹೊಗೆ, ಊರಿಗೇ ಕಾಣುವಂತೆ.

"ಮೇಡಂ, ಹಳೇ ಒಲೆ ಉರೀತಾ ಇದೆ. ಎರಡು ಒಲೆ ಇರೋ ಮನೆಯನ್ನ ನಾವು ಲೆಕ್ಕದಲ್ಲಿ ತೋರಿಸೋ ಹಾಗಿಲ್ಲ. ಒಡೆಸಿ, ಇಲ್ಲಾಂದ್ರೆ ಹೊಸ ಒಲೆಯ ಕೊಳವೆ ಬಿಚ್ಚಿಸಿ ತಗೊಂಡು ಹೋಗೋಣ."

ಕೊಳವೆ ಹೋದರೆ ಮಂಜುಳ ಆ ಮನೆಗೆ ಬರುವ ಮಾತೇ ಇಲ್ಲ. ನಾನು ಬಾಯಿ ತೆರೆಯುವ ಮೊದಲೇ ರಂಗಮ್ಮ ಕೈ ಮುಗಿದಳು. "ಸ್ವಾಮೀ, ಅದು ನಮ್ದಲ್ಲ. ಎಮ್ಮೇದು."

"ಎಮ್ಮೆಗೆ ಯಾಕಮ್ಮ ಒಲೆ?"

"ನಂಗೆ ನೀವು ಹೊಸಾದು ಕೊಟ್ರಲ್ಲ, ಹಳೇದು ಅದ್ಕೆ ಕೊಟ್ಟೆ."

ಸಾಹೇಬರು ಪರೀಕ್ಷೆ ಮಾಡಲು ತಲೆ ಬಗ್ಗಿಸಿ ಒಳಗೆ ಹೋದರು. ಎಮ್ಮೆ ಬಾಲ ಬೀಸಿತು. ಒದ್ದೆ ಬಾಲ. ಹೊರಬಂದಾಗ ಬಿಳಿ ಅಂಗಿಯ ಮೇಲೆ ಅಡ್ಡಪಟ್ಟೆ, ಕಣ್ಣಲ್ಲಿ ಧಾರೆ, ಮಾತಿಗೆ ಬದಲು ಕೆಮ್ಮು. ಗೋಡೆಗೆ ಒರಗಿಸಿದ್ದ ಹಾರೆಯನ್ನು ನಾನು ಅವರ ಮುಂದೆ ತಂದಿಟ್ಟೆ. "ಅದರ ಮೇಲೆ ಅಡುಗೆ ಆಗುವುದಿಲ್ಲ ಸಾರ್, ನಾನು ನೋಡಿದ್ದೇನೆ. ಒಡೆಯಲೇಬೇಕು ಅಂದರೆ ನೀವೇ ಒಳಗೆ ಹೋಗಿ ಒಡೆಯಿರಿ." ಅವರು ಹಾರೆ ನೋಡಿದರು, ಕೊಟ್ಟಿಗೆ ನೋಡಿದರು. ಕೆಮ್ಮು ನಿಂತ ಮೇಲೆ, "ಫೋಟೋದಲ್ಲಿ ಕೊಟ್ಟಿಗೆ ಬರದ ಹಾಗೆ ತೆಗೀರಿ ಮೇಡಂ" ಎಂದು ಜೀಪು ಹತ್ತಿದರು. ನಮ್ಮ ಇಲಾಖೆಗಳಲ್ಲಿ, ಸಂಸ್ಥೆಗಳಲ್ಲಿ ಇದಕ್ಕಿಂತ ದೊಡ್ಡ ಒಪ್ಪಿಗೆ ಸಿಗುವುದಿಲ್ಲ, ಸಿಕ್ಕಿದ್ದನ್ನು ತೆಗೆದುಕೊಳ್ಳಿ.

ಇನ್ನು ಉಳಿದದ್ದು ಸೊಸೆ. "ನೀನೇ ಹೋಗಿ ಕರ್ಕಂಬಾ" ಎಂದಳು ರಂಗಮ್ಮ. ಅದು ನನ್ನ ಕೆಲಸವಲ್ಲ ಎಂದೆ. ನಾಗರಾಜನ ಕಡೆ ನೋಡಿದೆವು. "ಅವ್ವ ಏನಂತಾಳೋ" ಎಂದ. ಕೊನೆಗೆ ಹೋದದ್ದು ನಾನು ಮತ್ತು ರಂಗಮ್ಮ.

ಬಡವನಹಳ್ಳಿಯಲ್ಲಿ ಮಂಜುಳಳ ಅಪ್ಪ ಅಂಗಡಿಯ ಗಲ್ಲಾ ಬಿಟ್ಟು ಏಳಲಿಲ್ಲ. "ಏನು, ಒಲೆ ರಿಪೇರಿ ಆಯ್ತಾ?" ಎಂದು ನನ್ನನ್ನು ಕೇಳಿದರು. ದಾರಿಯುದ್ದಕ್ಕೂ ನಾನು ಮೃದುವಾಗಿ ಹೇಳುವ ಬಗೆ ಯೋಚಿಸುತ್ತಿದ್ದೆ. ರಂಗಮ್ಮ ಅಷ್ಟಕ್ಕೆ ಅವಕಾಶವನ್ನೇ ಕೊಡಲಿಲ್ಲ.

"ಒಲೆ ನೆಟ್ಗೇ ಇತ್ತು. ನಾನೇ ಪೈಪಿಗೆ ಗೋಣಿಚೀಲ ತುರುಕ್ತಿದ್ದೆ."

ಬೆಲ್ಲ ಕೊಳ್ಳಲು ಬಂದಿದ್ದ ಹೆಂಗಸು ಬೆಲ್ಲ ಮರೆತು ನಿಂತಳು. ಅಪ್ಪ ಎದ್ದು ನಿಂತು ಕೂಗಾಡತೊಡಗಿದರು. ಕೂಗಾಡಲು ಅವರಿಗೆ ಹಕ್ಕಿತ್ತು, ನಾನು ತಡೆಯಲಿಲ್ಲ. ರಂಗಮ್ಮ ಅವರ ಕಡೆ ನೋಡಲೂ ಇಲ್ಲ. ಒಳಬಾಗಿಲಿಗೆ ಬಂದು ನಿಂತಿದ್ದ ಮಂಜುಳಳನ್ನೇ ನೋಡುತ್ತಿದ್ದಳು.

"ಬೀಜ ಎಲ್ಲ ಕೊಟ್ಟಿಗೆಗೆ ಹೋಗ್ಯವೆ ಕಣೇ ಮಂಜಿ" ಎಂದಳು. "ನೀನು ಮನೆಗೆ ಬಾ."

ಮಂಜುಳ ಅತ್ತೆಯನ್ನು ನೋಡಿದಳು. "ಮೊದ್ಲೇ ಹೇಳಿದ್ರೆ ಅತ್ತೆ..." ಉಸಿರೆಳೆದುಕೊಂಡಳು. "ನಾನೇ ಕಟ್ಕೊಡ್ತಿದ್ನಲ್ಲ."

ಅವಳು ಆ ದಿನ ಬರಲಿಲ್ಲ. ಅಪ್ಪ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಮುಂದಿನ ವಾರ ತಾವೇ ಬಂದು, ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕುಳಿತು, ಹಿಟ್ಟು ತೊಳಸಿ ಇಳಿಸುವವರೆಗೆ ಕದಲದೆ ನೋಡಿ, ಹೊರಗೆ ಹೋಗಿ ಕೊಳವೆಯ ಬಾಯಿಯನ್ನೂ ನೋಡಿ, ಆಮೇಲೆ ಮಗಳನ್ನು ತಂದು ಬಿಟ್ಟರು. ಅಂಥ ತಪಾಸಣೆ ನಮ್ಮ ಸಂಸ್ಥೆಯಲ್ಲಿ ಒಬ್ಬರಾದರೂ ಮಾಡಿದ್ದರೆ ನನಗೆ ಅರ್ಧ ತಿರುಗಾಟ ತಪ್ಪುತ್ತಿತ್ತು.

ನಿವೃತ್ತಳಾದ ಮೇಲೆ ಆ ಕಡೆ ಹೋಗುವ ಕಾರಣ ಇರಲಿಲ್ಲ. ಆದರೂ ಈಚೆಗೆ ಅವರೆ ಕಾಲದಲ್ಲಿ ಒಂದು ದಿನ ಹತ್ತರ ಬಸ್ಸು ಹತ್ತಿದೆ. ಬಾಗಿಲಲ್ಲಿ ನನ್ನನ್ನು ಕಂಡದ್ದೇ ತಡ, ಮಂಜುಳ ಸೊಂಟಕ್ಕೆ ಕೈ ಕೊಟ್ಟು ಶುರು ಮಾಡಿದಳು.

"ಈಗ ಬಂದ್ರಾ ಮೇಡಂ, ಒಲೆ ಹಾಕ್ಸಿ ಫೋಟೋ ಹೊಡ್ಕಂಡು ಹೋದೋರು ನೀವು, ಅಂಚು ಬಿರುಕು ಬಿಟ್ಟು ಯಾವ ಕಾಲ ಆಯ್ತು, ಆ ಮೇಸ್ತ್ರಿಗೆ ಫೋನ್ ಮಾಡಿದ್ರೆ ಸೌದೆ ಹಸೀದು ಅಂತಾನೆ, ಬಿರುಕು ಬಿಡಕ್ಕೂ ಹಸಿ ಸೌದೆಗೂ ಏನ್ ಸಂಬಂಧ ನೀವೇ ಹೇಳಿ, ಹಿಟ್ಟಿನ ಪಾತ್ರೆ ಕುಂದ್ರಲ್ಲ ಅಂತ ಅತ್ತೆ ಬೆಳಿಗ್ಗೆ ಸಂಜೆ ನನ್ ತಲೆ ತಿಂತಾರೆ, ಹೊಸದಾಗಿ ಬಂದಿರೋ ಹುಡುಗೀರು ಮೊಬೈಲ್ ತೋರಿಸ್ಕಂಡು ನಗಿ ಅಂತಾರೇ ಹೊರ್ತು ಒಲೆ ಕಡೆ ತಿರುಗೀನೂ ನೋಡಲ್ಲ!"

ನಾನು ಕಾಯುತ್ತಿದ್ದೆ. ಎಲ್ಲಿಯೂ ನಿಲ್ಲಲಿಲ್ಲ. ಆ ಹುಡುಗಿ ಒಂದೇ ಉಸಿರಿನಲ್ಲಿ ಅಷ್ಟನ್ನೂ ಬೈದು ಮುಗಿಸಿ, ಇನ್ನೂ ಬೈಯುವಷ್ಟು ಉಸಿರು ಇಟ್ಟುಕೊಂಡಿದ್ದಳು.

ಜಗಲಿಯ ಮೇಲೆ ಸೊಗಡವರೆ ಸುಲಿಯುತ್ತಿದ್ದ ರಂಗಮ್ಮ ತಲೆ ಎತ್ತದೆ, "ನೋಡ್ದಾ? ದಿನಾ ಇಂಗೇಯ. ಬಾಯಿ ಮುಚ್ಚಲ್ಲ. ಎಲ್ಲಾ ನಿನ್ ಒಲೆಯಿಂದ ಬಂದ ಕಾಟ" ಎಂದಳು.

ಒಳಗೆ ಹೋದೆ. ಬಿರುಕು ನಿಜ. ಬಗ್ಗಿ ಒಲೆಬಾಯಿಗೆ ಕೈ ಹಾಕಿದೆ. ಬೂದಿ ತೆಗೆದಿರಲಿಲ್ಲ.